ಹಾಸನಾಂಬೆಯ ದೀಪಕ್ಕೆ ಎಷ್ಟು ಎಣ್ಣೆ ಬೇಕು

ಆಶ್ವೀಜದ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ಹಾಸನದ ಅರ್ಧ ಅಧಿಕಾರಿಗಳು ಹಾಸನಾಂಬೆಯ ಗುಡಿಯ ಮುಂದೆಯೇ ಇರುತ್ತಾರೆ. ವರ್ಷವಿಡೀ ಜಿಲ್ಲಾ ಖಜಾನೆಯ ಬೀಗದೊಳಗಿದ್ದ ದೇವಿಯ ಒಡವೆಗಳು ಮೆರವಣಿಗೆಯಲ್ಲಿ ಗುಡಿಗೆ ಬಂದಿರುತ್ತವೆ. ಗರ್ಭಗುಡಿಯ ಎದುರು ಬಾಳೆಕಂದು ನಿಲ್ಲಿಸಿರುತ್ತಾರೆ. ತಳವಾರ ಮನೆತನದ ಅರಸು ವಂಶಸ್ಥರು ಬಂದು ಅದನ್ನು ಕಡಿದ ಮೇಲೆಯೇ ಬಾಗಿಲು ತೆರೆಯುವುದು. ವರ್ಷವಿಡೀ ಕತ್ತಲಲ್ಲಿದ್ದ ತಾಯಿಯ ಮೊದಲ ದೃಷ್ಟಿ ಮನುಷ್ಯರ ಮೇಲೆ ಬೀಳಬಾರದು, ಬಾಳೆಯ ಮೇಲೆ ಬೀಳಲಿ ಎಂದು ಹಾಗೆ ಮಾಡುತ್ತಾರೆ ಅನ್ನುತ್ತಾರೆ ಹಿರಿಯರು. ಒಳಗಿರುವುದು ಕಡೆದ ವಿಗ್ರಹವಲ್ಲ, ಮೂರು ಹುತ್ತ. ವೈಷ್ಣವಿ, ಕೌಮಾರಿ, ಮಾಹೇಶ್ವರಿ. ಸಪ್ತಮಾತೃಕೆಯರು ವಾರಣಾಸಿಯಿಂದ ತೆಂಕಣಕ್ಕೆ ಬಂದು ಈ ನೆಲ ಮೆಚ್ಚಿ ನಿಂತಾಗ ಮೂವರು ಇಲ್ಲಿ ಹುತ್ತವಾದರಂತೆ, ಮೂವರು ದೇವಿಗೆರೆಯಲ್ಲಿ ನೆಲೆಸಿದರಂತೆ, ಬ್ರಾಹ್ಮಿ ಮಾತ್ರ ಕೆಂಚಾಂಬೆಯಾಗಿ ಹೊಸಕೋಟೆಗೆ ಹೋದಳಂತೆ. ಬಲಿಪಾಡ್ಯಮಿ ಮುಗಿದು, ಸಿದ್ಧೇಶ್ವರನ ಕೆಂಡೋತ್ಸವವೂ ಆದ ಮೇಲೆ ದೀಪ ಹಚ್ಚಿ, ಹೂ ಏರಿಸಿ, ನೈವೇದ್ಯ ಇಟ್ಟು ಬಾಗಿಲು ಮುಚ್ಚುತ್ತಾರೆ. ಮತ್ತೆ ತೆರೆಯುವುದು ಮುಂದಿನ ವರ್ಷ. ಆಗ ದೀಪ ಉರಿಯುತ್ತಲೇ ಇರುತ್ತದೆ, ಹೂ ಬಾಡಿರುವುದಿಲ್ಲ, ಅನ್ನ ಹಳಸಿರುವುದಿಲ್ಲ ಎಂಬುದು ಪ್ರತೀತಿ.

ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿಯಲ್ಲಿ, ಬೆಳೆದಿದ್ದು ಬಹುಪಾಲು ಅರಕಲಗೂಡಿನ ಅಜ್ಜಿ ಮನೆಯಲ್ಲಿ. ನಿವೃತ್ತಿಯಾದ ಮೇಲೆ ಹಾಸನಕ್ಕೆ ಬಂದು ಕೂತಿದ್ದೇನೆ. ಹಾಗಾಗಿ ಈ ದೀಪದ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ದೀಪಾವಳಿ ರಜೆಗೆ ಮುಂಚೆ ಯಾರಾದರೊಬ್ಬ ಹುಡುಗ ಎದ್ದು ನಿಂತು ಕೇಳದೆ ಇದ್ದ ವರ್ಷವೇ ಇಲ್ಲ: 'ಸಾರ್, ಹಾಸನಾಂಬೆ ದೀಪ ನಿಜಾನಾ?'

ಒಂದು ವರ್ಷ ಬಾಯಲ್ಲಿ ಉತ್ತರ ಹೇಳುವ ಬದಲು ಲ್ಯಾಬಿನ ತಕ್ಕಡಿ ಇಳಿಸಿದೆ. ಒಂದು ಮಣ್ಣಿನ ಹಣತೆ, ಹರಳೆಣ್ಣೆ, ಮನೆಯಲ್ಲಿ ಹೊಸೆದ ಹತ್ತಿ ಬತ್ತಿ. ಬೆಳಗ್ಗೆ ಪ್ರಾರ್ಥನೆ ಮುಗಿದೊಡನೆ ಹಚ್ಚಿ, ಪ್ರತಿ ಪೀರಿಯಡ್ಡಿನ ಗಂಟೆ ಹೊಡೆದಾಗ ಒಬ್ಬೊಬ್ಬ ಹುಡುಗನಿಂದ ತೂಕ ಹಾಕಿಸಿದೆ. ಬತ್ತಿ ಸಣ್ಣದು, ಗಾಳಿ ಇಲ್ಲ, ಆದರೂ ಗಂಟೆಗೆ ಹೆಚ್ಚುಕಡಿಮೆ ನಾಲ್ಕು ಗ್ರಾಂ ಎಣ್ಣೆ ಕರಗುತ್ತಿತ್ತು. ಬಾಗಿಲು ಮುಚ್ಚಿರುವುದು ಸುಮಾರು 350 ದಿನ, ಅಂದರೆ 8,400 ಗಂಟೆ. ಬೋರ್ಡಿನ ಮೇಲೆ ಗುಣಿಸಿದರೆ 33 ಕಿಲೋ ದಾಟಿತು. ಅದೂ ಒಂದೇ ಬತ್ತಿಗೆ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸಂಗತಿ ಹುಡುಗರಿಗೇ ಕಂಡಿತು: ಬತ್ತಿಯ ತುದಿ ಕರಿಕಟ್ಟಿ ಜ್ವಾಲೆ ಕುಗ್ಗುತ್ತದೆ, ಯಾರಾದರೂ ಕಡ್ಡಿಯಲ್ಲಿ ಮುಂದೆ ತಳ್ಳಲೇಬೇಕು. 'ದೊಡ್ಡ ಕೊಪ್ಪರಿಗೆ ತುಂಬ ಎಣ್ಣೆ ಇಟ್ರೆ ಆಗುತ್ತಲ್ಲ ಸಾರ್' ಎಂದ ಒಬ್ಬ. 'ಬತ್ತಿ ತಳ್ಳೋರ್ಯಾರು?' ಎಂದ ಇನ್ನೊಬ್ಬ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬೇಜಾರಿನಿಂದಲೇ ಹೇಳಿದಳು: 'ದೇವರು ಅಂದ್ಮೇಲೆ ಲೆಕ್ಕ ಯಾಕೆ ಸಾರ್?' ಮರುದಿನ ಇಬ್ಬರು ಪೋಷಕರು ಬಂದು, ಮೇಷ್ಟ್ರು ಮಕ್ಕಳ ಭಕ್ತಿ ಕೆಡಿಸುತ್ತಿದ್ದಾರೆ ಎಂದು ಮುಖ್ಯೋಪಾಧ್ಯಾಯರಿಗೆ ದೂರು ಕೊಟ್ಟು ಹೋದರು.

ಆ ಹುಡುಗಿಯ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ದೇವರಿಗೆ ಲೆಕ್ಕ ಬೇಡವಾದರೆ, ದೀಪದ ಲೆಕ್ಕವನ್ನು ದೇವರ ಹೆಸರಿನಲ್ಲಿ ಹೇಳುವುದಾದರೂ ಏಕೆ? ದೀಪ ಉರಿಯುತ್ತದೆ, ಅದರಿಂದ ತಾಯಿ ಇದ್ದಾಳೆ ಎಂದ ಕೂಡಲೇ ನಾವು ಸಾಕ್ಷಿ ಕೊಟ್ಟಂತಾಯಿತು. ಸಾಕ್ಷಿ ಕೊಟ್ಟವನು ಪಾಟೀಸವಾಲಿಗೂ ನಿಲ್ಲಬೇಕು. 2018ರಲ್ಲಿ ಹಾಸನದ ಪ್ರಗತಿಪರ ಸಂಘಟನೆಗಳು ಜಿಲ್ಲಾಡಳಿತವನ್ನು ಕೇಳಿದ್ದೂ ಇದನ್ನೇ. ಪವಾಡವೋ ಅಲ್ಲವೋ ಜನರಿಗೆ ತಿಳಿಯಲಿ ಎಂದರು. ಅದಕ್ಕೂ ಬಹಳ ಮುಂಚೆ, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ಶೋಧಿಸಲು ಸಮಿತಿ ಮಾಡಿದ್ದರು. ಪುಟ್ಟಪರ್ತಿಯ ಸಾಯಿಬಾಬಾಗೆ ಅವರು ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ನರಸಿಂಹಯ್ಯನವರ ಜೇಬಿನಲ್ಲೂ ಗೌರಿಬಿದನೂರಿನ ಹಳ್ಳಿಯ ನೆನಪುಗಳಿದ್ದವು. ಹಳ್ಳಿಗರ ಭಕ್ತಿಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಕೇಳಲೇ ಕೂಡದು ಎಂಬ ಮಾತಿನ ಮೇಲೆ ಇತ್ತು.

ಹಾಸನಾಂಬೆಯ ಆವರಣದಲ್ಲಿ ದೀಪಕ್ಕಿಂತ ಸುಲಭವಾಗಿ ಪರೀಕ್ಷಿಸಬಹುದಾದ ಇನ್ನೊಂದು ಪ್ರತೀತಿ ಇದೆ. ಅದನ್ನು ಯಾರೂ ಮುಟ್ಟುವುದಿಲ್ಲ. ದೇವಿಯ ಒಡವೆ ಕದಿಯಲು ಬಂದ ನಾಲ್ವರು ಕಳ್ಳರು ಕಲ್ಲಾದರಂತೆ. ಆ ಕಲ್ಲುಗಳಿರುವ ಗುಡಿಗೆ ಕಳ್ಳಪ್ಪನ ಗುಡಿ ಎಂದೇ ಹೆಸರು. ಇನ್ನೊಂದು ಕಲ್ಲು ಸೊಸೆಯದು. ಮನೆಗೆಲಸ ಬಿಟ್ಟು ದಿನಾ ದೇವಿಯ ಮುಂದೆ ಬಂದು ನಿಲ್ಲುತ್ತಿದ್ದ ಸೊಸೆಯನ್ನು ಅತ್ತೆ ಹಿಂಬಾಲಿಸಿಕೊಂಡು ಬಂದು ಬಟ್ಟಲಿನಿಂದ ತಲೆಗೆ ಮೊಟಕಿದಳು. ಸೊಸೆ ನೋವಿಗೆ ತಾಯಿಯನ್ನು ಕೂಗಿದಳು. ತಾಯಿ ಅವಳನ್ನು ಕಲ್ಲು ಮಾಡಿ ತನ್ನ ಹತ್ತಿರವೇ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ. ಅಕ್ಕಿಕಾಳು ಆರು ಮಿಲಿಮೀಟರ್ ಅಂದುಕೊಳ್ಳಿ, ನೂರು ವರ್ಷಕ್ಕೆ ಎರಡಡಿ. ಗುಡಿ ಹನ್ನೆರಡನೆಯ ಶತಮಾನದ್ದು ಎನ್ನುತ್ತಾರೆ. ಅಲ್ಲಿಂದ ಲೆಕ್ಕ ಹಾಕಿದರೆ ಹದಿನೇಳು ಹದಿನೆಂಟು ಅಡಿ ಸರಿದಿರಬೇಕು. ಒಂದು ಸೀಮೆಸುಣ್ಣದ ಗೆರೆ, ಒಂದು ಟೇಪು, ಹತ್ತು ವರ್ಷದ ತಾಳ್ಮೆ ಇದ್ದರೆ ತೀರ್ಮಾನವಾಗುವ ವಿಷಯ. ಆದರೆ ಸಾಲಿನಲ್ಲಿ ನಿಂತ ಹೆಂಗಸರು ಈ ಕತೆ ಹೇಳುವಾಗ ಯಾರೂ ಅಂತರ ಅಳೆಯುತ್ತಿರುವುದಿಲ್ಲ. ಅತ್ತೆಯ ಬಟ್ಟಲಿನ ಹೊಡೆತಕ್ಕೆ ಬಂದಾಗ ದನಿ ಬದಲಾಗುತ್ತದೆ. ಕತೆ ಇರುವುದೇ ಅಲ್ಲಿ. (ಸಿದ್ಧೇಶ್ವರನ ಕಡೆಯ ಅಂಗಳದಲ್ಲಿ ವೀಣೆ ಹಿಡಿದ ರಾವಣನಿದ್ದಾನೆ. ಅವನಿಗೆ ಒಂಬತ್ತೇ ತಲೆ. ಎಣಿಸಿ ನೋಡಬಹುದು, ಎಣಿಸುವವರೂ ಇದ್ದಾರೆ. ಅದರಿಂದ ಯಾರ ನಂಬಿಕೆಗೂ ಏನೂ ಆಗಿಲ್ಲ.)

ನಮ್ಮ ಅಜ್ಜಿಗೆ ಹಾಸನಾಂಬೆ ಮನೆದೇವರಂತೆ. ಆದರೆ ಆಕೆ ದೀಪದ ವಿಷಯ ಎತ್ತಿದ್ದು ನನಗೆ ನೆನಪಿಲ್ಲ. ಅರಕಲಗೂಡಿನಿಂದ ಹಾಸನಕ್ಕೆ ಹೋಗಿ ಬರುವುದೇ ಆಕೆಗೆ ದೊಡ್ಡ ಕೆಲಸ. ಬಂದವಳು ಬಳೆ, ಕುಂಕುಮ, ದಾರಿಯ ಜಗಳ ಇವನ್ನು ಹೇಳುತ್ತಿದ್ದಳು. ಅಜ್ಜಿಯ ದಿನನಿತ್ಯದ ದೇವರು ಊರೊಳಗಿನ ಸಣ್ಣ ಗುಡಿಯಲ್ಲಿತ್ತು, ಅಲ್ಲಿ ಆಕೆ ಹೂ ಕೇಳುತ್ತಿದ್ದಳು. ಮಗಳ ಮದುವೆ, ಹಸುವಿನ ವ್ಯಾಪಾರ, ಕೋರ್ಟಿನ ವ್ಯಾಜ್ಯ, ಏನೇ ಇರಲಿ. ಪೂಜಾರಿ ಹೂ ಏರಿಸಿ ಗಂಟೆ ಹೊಡೆಯುತ್ತಾ ನಿಲ್ಲಬೇಕು, ಬಲಗಡೆ ಹೂ ಬಿದ್ದರೆ ಆಯಿತು, ಎಡಗಡೆ ಬಿದ್ದರೆ ಇಲ್ಲ. ಇದೂ ಒಂದು ಪರೀಕ್ಷೆಯೇ, ಆದರೆ ದೇವರು ಇದ್ದಾನೋ ಇಲ್ಲವೋ ಎಂಬ ಪರೀಕ್ಷೆಯಲ್ಲ. ದೇವರು ಇದ್ದಾನೆ, ಅವನ ಅಭಿಪ್ರಾಯ ಏನು ಎಂಬುದಷ್ಟೇ ಪ್ರಶ್ನೆ. ಎಡಗಡೆ ಹೂ ಬಿದ್ದ ಒಂದು ಸಲ ಅಜ್ಜಿ ಪೂಜಾರಿಗೆ, 'ಒದ್ದೆ ಹೂ ಇಟ್ಟಿದ್ದೀಯ ಕಣಪ್ಪ, ಒಣಗಿದ್ದು ಇಟ್ಟು ಇನ್ನೊಂದ್ಸಾರಿ ಕೇಳು' ಎಂದದ್ದು ಮನೆಯಲ್ಲಿ ಈಗಲೂ ನಗುವಿನ ಮಾತು. ಪ್ರಯೋಗದ ಸಲಕರಣೆಯ ಮೇಲೆ ಅನುಮಾನ ಪಡುವುದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಮೈಮೇಲೆ ದೇವರು ಬರುವ ವಿಷಯದಲ್ಲಿ ಹಳ್ಳಿಯವರು ಇನ್ನೂ ಬಿಗಿ. ಅರಕಲಗೂಡು ಕಡೆಯ ಹಬ್ಬವೊಂದರಲ್ಲಿ ನಾನು ಕಣ್ಣಾರೆ ನೋಡಿದ್ದು: ತಮಟೆ ಬಿರುಸಾಗುತ್ತಿದ್ದಂತೆ ಒಬ್ಬ ನಡುವಯಸ್ಸಿನವನಿಗೆ ಬಂತು. ಕಣ್ಣು ಮೇಲೆ ಹೋಗಿ, ಮೈ ನಡುಗಿ, ದನಿ ಬದಲಾಯಿತು. ಊರಿನ ಯಜಮಾನರು ಅಡ್ಡಬೀಳಲಿಲ್ಲ. ಕರ್ಪೂರ ತಂದು ಅವನ ಅಂಗೈ ಮೇಲಿಟ್ಟು ಹಚ್ಚಿದರು. ಉರಿ ಇಳಿಯುವವರೆಗೆ ಕೈ ಅಲ್ಲಾಡದಿದ್ದರೆ ಮಾತು ಕೇಳುವುದು, ಇಲ್ಲದಿದ್ದರೆ ಮುಖಕ್ಕೆ ನೀರು ಎರಚಿ ಮನೆಗೆ ಕಳಿಸುವುದು. ಅವನು ಕೈ ಅಲ್ಲಾಡಿಸಲಿಲ್ಲ. ಮುದುಕನೊಬ್ಬ ಆಗಲೂ ಬಿಡದೆ, 'ಬಂದಿರೋದು ಯಾರು, ಹೆಸರೇಳು' ಎಂದು ಗದರಿದ. ಅಂಗೈ ಸುಡದಿರುವುದಕ್ಕೆ ದೇವರೇ ಬೇಕಿಲ್ಲ. ಕರ್ಪೂರದ ಉರಿ ಮೇಲ್ಮುಖ, ಬಿಲ್ಲೆ ಆವಿಯಾಗುತ್ತಾ ಹೋಗುತ್ತದೆ, ಮನಸ್ಸು ಎಲ್ಲೋ ನೆಟ್ಟವನಿಗೆ ನೋವು ತಡವಾಗಿ ತಿಳಿಯುತ್ತದೆ. ಆದರೂ ನನಗೆ ಮುಖ್ಯವಾಗಿ ಕಂಡದ್ದು, ಒಬ್ಬನಿಗೆ ಆದ ಅನುಭವ ಊರಿಗೆಲ್ಲ ಪ್ರಮಾಣವಲ್ಲ ಎಂಬುದು ಅಕ್ಷರ ಬಾರದ ಯಜಮಾನನಿಗೂ ಗೊತ್ತಿತ್ತು ಎಂಬುದು. ವಿಲಿಯಂ ಜೇಮ್ಸ್ 1902ರಲ್ಲಿ ಪ್ರಕಟಿಸಿದ ಧಾರ್ಮಿಕ ಅನುಭವಗಳ ಕುರಿತ ಉಪನ್ಯಾಸಗಳಲ್ಲಿ ಬಂದು ಮುಟ್ಟಿದ ತೀರ್ಮಾನವೂ ಹೆಚ್ಚುಕಡಿಮೆ ಇದೇ: ಆ ಅನುಭವ ಪಡೆದವನಿಗೆ ಅದು ಅಧಿಕಾರವಾಣಿ, ಹೊರಗೆ ನಿಂತವನಿಗೆ ಅದನ್ನು ಒಪ್ಪಲೇಬೇಕೆಂಬ ಕಟ್ಟುಪಾಡಿಲ್ಲ.

ಈಗ ಚನ್ನರಾಯಪಟ್ಟಣದ ಕಡೆಗೆ. ನಮ್ಮ ತಾಲ್ಲೂಕಿನಲ್ಲೇ ಶ್ರವಣಬೆಳಗೊಳ ಇದೆ, ಸೃಷ್ಟಿಕರ್ತನನ್ನು ಒಪ್ಪದ ಧರ್ಮದ ಊರು. ವಿಂಧ್ಯಗಿರಿಯ ಗೊಮ್ಮಟನ ಪಾದದ ಪಕ್ಕ ಇರುವ ಮೂಲ ಬರಹಗಳು ಎಷ್ಟು ಚಿಕ್ಕವೆಂದರೆ, ಚಾವುಂಡರಾಯ ಇದನ್ನು ಮಾಡಿಸಿದ ಎಂದು ಕನ್ನಡ, ತಮಿಳು, ಮರಾಠಿಗಳಲ್ಲಿ ಹೇಳಿ ಸುಮ್ಮನಾಗುತ್ತವೆ. 981ರ ಸುಮಾರಿನ ಮಾತು. ಐವತ್ತೆಂಟು ಅಡಿಯ ಮೂರ್ತಿಯನ್ನು ಒಂದೇ ಬಂಡೆಯಲ್ಲಿ ನಿಲ್ಲಿಸಿದವನಿಗೆ ಅಷ್ಟೇ ಸಾಕಾಗಿತ್ತು. ಇನ್ನೂರು ವರ್ಷ ಕಳೆದು, 1180ರ ಹೊತ್ತಿಗೆ ಬೊಪ್ಪಣ ಕವಿಯ ಶಾಸನ ಬರುತ್ತದೆ. ಅದರಲ್ಲಿ ಗೊಮ್ಮಟನ ತಲೆಯ ಮೇಲೆ ಹಕ್ಕಿಗಳು ಮರೆತೂ ಹಾರುವುದಿಲ್ಲ. ಆಮೇಲಿನ ಕತೆಗಳಲ್ಲಿ ಗುಳ್ಳಕಾಯಜ್ಜಿ ಬರುತ್ತಾಳೆ: ಚಾವುಂಡರಾಯ ಕೊಡಗಟ್ಟಲೆ ಹಾಲು ಹುಯ್ಯಿಸಿದರೂ ಮೂರ್ತಿಯ ತೊಡೆ ದಾಟಿ ಇಳಿಯಲಿಲ್ಲ, ಮುದುಕಿ ಗುಳ್ಳಕಾಯಿಯಷ್ಟು ಪಾತ್ರೆಯಲ್ಲಿ ತಂದ ಹಾಲು ಪಾದ ತೊಳೆದು ಬೆಟ್ಟದ ಕೆಳಗೂ ಹರಿಯಿತು. ಅಜ್ಜಿಯ ಮೂರ್ತಿಯೂ ಅಲ್ಲೇ ನಿಂತಿದೆ. ಒಳ್ಳೆಯ ಕತೆ, ಮಂತ್ರಿಯ ಜಂಬ ಇಳಿಸುವ ಕತೆ. ಆದರೆ ಕ್ರಮ ಗಮನಿಸಿ: ಮೊದಲು ಕಲ್ಲು, ಆಮೇಲೆ ಹೆಸರು, ಅದಾದ ಎಷ್ಟೋ ಕಾಲದ ಮೇಲೆ ಪವಾಡ. ಜನ ಪವಾಡ ನೋಡಿ ನಂಬಿದ್ದಲ್ಲ. ನಂಬಿದ ಮೇಲೆ, ನಂಬಿಕೆಗೆ ತಕ್ಕ ಒಡವೆ ಬೇಕೆನಿಸಿ ಪವಾಡ ಮಾಡಿಸಿ ಹಾಕಿದ್ದಾರೆ. ಹಕ್ಕಿಗಳ ವಿಷಯ ಬೇಕಾದರೆ ಬೆಟ್ಟ ಹತ್ತಿ ಅರ್ಧ ಗಂಟೆ ಕೂತು ನೋಡಿ. ನನ್ನ ಮುಂದೆಯೇ ಕಾಗೆ ಹಾರಿದೆ, ಗೊಮ್ಮಟನ ಮುಖದಲ್ಲಿ ಏನೂ ಬದಲಾಗಲಿಲ್ಲ.

ಎದುರಿನ ಚಿಕ್ಕಬೆಟ್ಟಕ್ಕೆ ಯಾತ್ರಿಕರು ಹೋಗುವುದು ಕಡಿಮೆ. ನನಗೆ ಅದೇ ಹೆಚ್ಚು ಇಷ್ಟ. ಅಲ್ಲಿಯ ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ಒಂದು ಕಂಬದ ತುಂಬ ಸಂಸ್ಕೃತ ಶಾಸನ ಇದೆ. ಮಲ್ಲಿಷೇಣ ಪ್ರಶಸ್ತಿ ಎನ್ನುತ್ತಾರೆ. 1129ರಲ್ಲಿ ಸಲ್ಲೇಖನದಿಂದ ತೀರಿಕೊಂಡ ಮಲ್ಲಿಷೇಣ ಮಲಧಾರಿದೇವರ ನೆನಪಿಗೆ ಹಾಕಿಸಿದ್ದು. ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಅಚ್ಚು ಹಾಕಿಸಿದರು; ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿ 500ಕ್ಕೆ ಏರಿಸಿದರು. ಇವರಿಬ್ಬರೂ ಇಲ್ಲದಿದ್ದರೆ ನನ್ನಂಥವನಿಗೆ ಆ ಕಂಬ ಬರೀ ಗೀಚು.

ಆ ಕಂಬದಲ್ಲಿ ಗುರುಪರಂಪರೆಯ ಹೊಗಳಿಕೆ ನಡೆಯುವಾಗ ಸಮಂತಭದ್ರನ ಸರದಿ ಬರುತ್ತದೆ. ಸಮಂತಭದ್ರ ಯಾರು ಎಂದು ತಿಳಿಯಬೇಕಾದರೆ ಅವನ ಆಪ್ತಮೀಮಾಂಸೆಯ ಆರಂಭಕ್ಕೆ ಹೋಗಬೇಕು. ಅಲ್ಲಿ ಅವನು ತನ್ನ ತೀರ್ಥಂಕರನ ಎದುರೇ ನಿಂತು ಮಾತಾಡುತ್ತಾನೆ. ನಿನ್ನ ಬಳಿ ದೇವತೆಗಳು ಬರುತ್ತಾರೆ, ನೀನು ಆಕಾಶದಲ್ಲಿ ನಡೆಯುತ್ತೀಯ, ನಿನಗೆ ಚಾಮರ ಬೀಸುತ್ತಾರೆ ಅನ್ನುತ್ತಾರೆ. ಇವೆಲ್ಲ ಗಾರುಡಿಗರಲ್ಲೂ ಕಾಣುತ್ತವೆ, ಇದಕ್ಕಾಗಿ ನೀನು ನಮಗೆ ದೊಡ್ಡವನಲ್ಲ ಎಂಬುದು ಅವನ ವಾದ. ಹಾಗಾದರೆ ಯಾವುದರಿಂದ ದೊಡ್ಡವನು? ನಿನ್ನಲ್ಲಿ ದೋಷವಿಲ್ಲ, ನಿನ್ನ ಮಾತು ಯುಕ್ತಿಗೂ ಶಾಸ್ತ್ರಕ್ಕೂ ವಿರುದ್ಧವಲ್ಲ, ಅದರಿಂದ. ಡೇವಿಡ್ ಹ್ಯೂಮ್ ಪವಾಡಗಳ ಮೇಲೆ ಬರೆದದ್ದು 1748ರಲ್ಲಿ. ಅದಕ್ಕೆ ಎಷ್ಟೋ ಶತಮಾನ ಮುಂಚೆ ತೆಂಕಣದ ಒಬ್ಬ ಮುನಿ, ತಾನು ಪೂಜಿಸುವವನ ಮುಂದೆಯೇ, ಪವಾಡದ ಸಾಕ್ಷಿಯನ್ನು ತಳ್ಳಿಹಾಕಿದ. ಹ್ಯೂಮನಿಗೆ ಅದು ಸುಲಭ, ಅವನಿಗೆ ಆರತಿ ಎತ್ತುವ ಕೆಲಸ ಇರಲಿಲ್ಲ.

ಕಂಬದ ಶಾಸನ ಆ ಸಮಂತಭದ್ರನನ್ನು ಹೇಗೆ ಹೊಗಳುತ್ತದೆ? ಭಸ್ಮಕ ಎಂಬ ಹಸಿವಿನ ರೋಗವನ್ನು ಗೆದ್ದವನು, ಪದ್ಮಾವತಿ ದೇವಿಯ ಅನುಗ್ರಹ ಪಡೆದವನು, ಮಂತ್ರದ ಮಾತಿನಿಂದ ಚಂದ್ರಪ್ರಭ ತೀರ್ಥಂಕರನನ್ನೇ ಬರಿಸಿದವನು! ಅವನು ಪಾಟಲಿಪುತ್ರದಲ್ಲಿ, ಮಾಳವದಲ್ಲಿ, ಕಂಚಿಯಲ್ಲಿ, ಕರಹಾಟಕದಲ್ಲಿ ವಾದದ ಭೇರಿ ಬಾರಿಸಿದ್ದೂ ಅಲ್ಲಿದೆ. ಮುಂದೆ ಅಕಳಂಕನ ಸರದಿ. ಅವನು ಹಿಮಶೀತಲ ರಾಜನ ಸಭೆಯಲ್ಲಿ ಬೌದ್ಧರನ್ನು ಗೆದ್ದದ್ದು ತರ್ಕದಿಂದ ಮಾತ್ರವಲ್ಲ, ಮಡಕೆಯಲ್ಲಿ ಅಡಗಿದ್ದ ತಾರಾದೇವಿಯನ್ನೂ ಸೋಲಿಸಿ, ಮಡಕೆಯನ್ನು ಕಾಲಿನಿಂದ ಒಡೆದು. ಪವಾಡದಿಂದ ಯಾರೂ ದೊಡ್ಡವರಾಗುವುದಿಲ್ಲ ಎಂದವನನ್ನು ಪವಾಡದಿಂದಲೇ ದೊಡ್ಡವನನ್ನಾಗಿ ಮಾಡಿ ಕಲ್ಲಿನಲ್ಲಿ ಕೆತ್ತಿಸಿಬಿಟ್ಟರು, ಅದೂ ಅವನ ಪಕ್ಷದವರೇ. ಶಿಷ್ಯರಿಗೆ ಗುರುವಿನ ತರ್ಕ ಅರ್ಥವಾಗಲಿಲ್ಲ ಎಂದು ನಾನು ಹೇಳಲಾರೆ. ಆ ಪದ್ಯ ಬರೆದವನಿಗೆ ಆಪ್ತಮೀಮಾಂಸೆ ಬಾಯಿಪಾಠವೇ ಇದ್ದಿರಬೇಕು. ಸತ್ತವರ ಮೇಲಿನ ಪ್ರೀತಿ ತರ್ಕದ ಭಾಷೆಯಲ್ಲಿ ಮಾತಾಡಲು ಒಪ್ಪುವುದಿಲ್ಲ, ಅಷ್ಟೇ ಇರಬಹುದು.

ಕೆಲಸ ಮಾಡಿದ ಊರು ಹೊಳೆನರಸೀಪುರ ನನಗೆ ಈ ಪ್ರಶ್ನೆಯ ಇನ್ನೊಂದು ಮಗ್ಗುಲು ತೋರಿಸಿತು. ಹೊರಗಿನವರಿಗೆ ಈ ಊರು ರಾಜಕೀಯಕ್ಕೆ ಗೊತ್ತು. ವೇದಾಂತ ಓದುವ ಹೊರದೇಶದವರಿಗೆ ಮಾತ್ರ ಹೇಮಾವತಿ ದಂಡೆಯ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ವಿಳಾಸವಾಗಿ ಗೊತ್ತು. ಯಲ್ಲಂಬಳಸೆ ಸುಬ್ಬರಾಯರು 1920ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿ, 1937ರಲ್ಲಿ ಇಲ್ಲಿಗೆ ತಂದರು. 1948ರಲ್ಲಿ ಸಂನ್ಯಾಸ ತೆಗೆದುಕೊಂಡು ಸಚ್ಚಿದಾನಂದೇಂದ್ರ ಸರಸ್ವತಿಗಳಾದರು. 1880ರಲ್ಲಿ ಹುಟ್ಟಿ 1975ರವರೆಗೆ ಬದುಕಿದ ಅವರು ಕನ್ನಡ, ಸಂಸ್ಕೃತ, ಇಂಗ್ಲಿಷುಗಳಲ್ಲಿ ಬರೆದ, ಅನುವಾದಿಸಿದ ಪುಸ್ತಕಗಳು ಇನ್ನೂರನ್ನು ಮುಟ್ಟುತ್ತವೆ. ಶಂಕರರ ಭಾಷ್ಯಗಳು ಕನ್ನಡದಲ್ಲಿ ಸಾಮಾನ್ಯರ ಕೈಗೆ ಎಟುಕುವಂತಾದದ್ದು ಬಹುಮಟ್ಟಿಗೆ ಅವರಿಂದ. ನಾನು ಅಲ್ಲಿಂದ ಕೊಂಡ ಮೊದಲ ಪುಸ್ತಕದ ಬೆಲೆ ಹೋಟೆಲಿನ ಎರಡು ಮಸಾಲೆದೋಸೆಗಿಂತ ಕಡಿಮೆ. ಓದಿ ಅರ್ಥ ಮಾಡಿಕೊಳ್ಳಲು ಬಿದ್ದ ಖರ್ಚೇ ಬೇರೆ.

ಸ್ವಾಮಿಗಳ ಜೀವಮಾನದ ಜಗಳ ಒಂದೇ. ಶಂಕರರ ನಂತರ ಬಂದ ವ್ಯಾಖ್ಯಾನಕಾರರು 'ಮೂಲಾವಿದ್ಯೆ' ಎಂಬ ಒಂದು ವಸ್ತುವನ್ನು ತಂದಿಟ್ಟು ಗುರುವಿನ ಮಾತನ್ನು ಮುಚ್ಚಿದರು ಎಂಬುದು ಅವರ ಆಕ್ಷೇಪ. 1929ರಲ್ಲಿ 'ಮೂಲಾವಿದ್ಯಾನಿರಾಸ' ಬರೆದಾಗ ಪಂಡಿತರ ಸಿಟ್ಟಿಗೆ ಗುರಿಯಾದರು. ಆ ಜಗಳದ ಒಳಸುಳಿಗಳನ್ನು ಇಲ್ಲಿ ಬಿಡಿಸುವುದಿಲ್ಲ. ನನಗೆ ಬೇಕಾದದ್ದು ಅದರ ಕೆಳಗಿರುವ ಒಂದು ಹಟ: ವೇದಾಂತದ ಪ್ರಮಾಣ ಯಾರೋ ಒಬ್ಬ ಯೋಗಿಗೆ ಯಾವತ್ತೋ ಆದ ಅನುಭವವಾಗಿರಬಾರದು, ಎಲ್ಲರಿಗೂ ಎಂದೆಂದೂ ಇರುವ ಅನುಭವವಾಗಿರಬೇಕು. ಅದನ್ನು ಅವರು ಸಾರ್ವತ್ರಿಕ ಅನುಭವ ಎಂದು ಕರೆದರು.

ಜನ ಸಾಮಾನ್ಯವಾಗಿ ಅಂದುಕೊಂಡಿರುವುದು ಇದರ ತಿರುಗುಮುರುಗು. ಸಂನ್ಯಾಸಿ ಎಂದರೆ ಗುಹೆಯಲ್ಲಿ ಕೂತು ಸಮಾಧಿಯಲ್ಲಿ ಏನೋ ಕಂಡವನು, ನಮಗೆ ಕಾಣದ್ದು ಅವನಿಗೆ ಕಂಡಿದೆ, ಆದ್ದರಿಂದ ನಂಬಬೇಕು. ಸ್ವಾಮಿಗಳು ಇದನ್ನು ಒಪ್ಪಲಿಲ್ಲ. ಸಮಾಧಿ ಬರುತ್ತದೆ, ಹೋಗುತ್ತದೆ. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಅದನ್ನು ನಿದ್ದೆಯ ಪಕ್ಕದಲ್ಲೇ ಕೂರಿಸುತ್ತಾರೆ: ಎರಡರಲ್ಲೂ ಭೇದ ಕಾಣುವುದಿಲ್ಲ, ಎರಡರಿಂದ ಎದ್ದ ಮೇಲೂ ಅಜ್ಞಾನ ಹೋಗದಿದ್ದರೆ ಭೇದ ಮತ್ತೆ ಬಂದು ಕೂರುತ್ತದೆ. ಬಂದು ಹೋಗುವುದು ಯಾವುದೇ ಆಗಲಿ, ಎಂದೂ ಇರುವುದಕ್ಕೆ ಸಾಕ್ಷಿಯಾಗಲಾರದು. ಅದರ ಬದಲು ಎಚ್ಚರ, ಕನಸು, ಗಾಢನಿದ್ದೆ, ಈ ಮೂರನ್ನು ಪರೀಕ್ಷಿಸಿ ಎಂದರು. ಇವು ಕೂಲಿಯವನಿಗೂ ಇವೆ, ಕಲೆಕ್ಟರನಿಗೂ ಇವೆ. ಕನಸಿನಲ್ಲಿ ಕನಸಿನ ಬೆಟ್ಟ ಗಟ್ಟಿಯಾಗಿಯೇ ಇರುತ್ತದೆ, ನಿದ್ದೆಯಲ್ಲಿ ಬೆಟ್ಟವೂ ಇಲ್ಲ, ನೋಡುವ ಮೇಷ್ಟ್ರೂ ಇಲ್ಲ, ಆದರೂ ನಾನು ಇಲ್ಲವಾಗಿದ್ದೆ ಎಂದು ಎದ್ದ ಮೇಲೆ ಯಾರೂ ಹೇಳುವುದಿಲ್ಲ. ವಿಚಾರ ಅಲ್ಲಿಂದ ಶುರುವಾಗಲಿ.

ಇದು ಅವರೊಬ್ಬರ ತಲೆಯಿಂದ ಹುಟ್ಟಿದ್ದಲ್ಲ. ಆ ಕಾಲದ ಮೈಸೂರು ಬೆಂಗಳೂರುಗಳಲ್ಲಿ ಇಂಥ ಒಂದು ಗುಂಪೇ ಇತ್ತು. ಸುಬ್ಬರಾಯರಿಗೆ ದಾರಿ ತೋರಿದ ಕೆ.ಎ. ಕೃಷ್ಣಸ್ವಾಮಿ ಅಯ್ಯರ್ 1930ರಲ್ಲಿ ವೇದಾಂತವನ್ನು ಸತ್ಯದ ವಿಜ್ಞಾನವೆಂದೇ ಕರೆದು ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದರು. ಮೈಸೂರಿನ ವಿ. ಸುಬ್ರಹ್ಮಣ್ಯ ಅಯ್ಯರ್ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಾಠ ಹೇಳುತ್ತಾ, ಅನುಭಾವಿಯ ದರ್ಶನ ಅವನಿಗೆ ನೆಮ್ಮದಿ ಕೊಡಬಹುದು, ಅದರಿಂದಲೇ ಅದು ಸತ್ಯವಾಗುವುದಿಲ್ಲ ಎಂಬ ನಿಲುವಿಗೆ ಅಂಟಿಕೊಂಡಿದ್ದರು. ರಮಣಾಶ್ರಮದ ಬಗ್ಗೆ ಬರೆದು ಹೆಸರಾಗಿದ್ದ ಪಾಲ್ ಬ್ರಂಟನ್ ಯೋಗದಿಂದ ವಿಚಾರದ ಕಡೆ ಹೊರಳಿದ್ದು ಅವರ ಸಹವಾಸದಲ್ಲಿ.

ವಿಜ್ಞಾನ ಹೇಳಿಕೊಡುವವನಿಗೆ ಇದು ಏಕೆ ಹಿಡಿಸಿತು ಎಂದರೆ, ಪ್ರಯೋಗಕ್ಕೆ ನಾವು ಕೇಳುವ ಮೊದಲ ಗುಣ ಇದರಲ್ಲಿದೆ: ಯಾರು ಬೇಕಾದರೂ ಮಾಡಿ ನೋಡಬಹುದು. ಗುರುಗಳ ಬಾಯಿಮಾತಿಗೆ, ಮುಚ್ಚಿದ ಬಾಗಿಲಿಗೆ ಇಲ್ಲಿ ಕೆಲಸವಿಲ್ಲ. ಶಂಕರರು ಗೀತಾಭಾಷ್ಯದ ಕೊನೆಯ ಭಾಗದಲ್ಲಿ, ಶ್ರುತಿಯೇ ಬಂದು ಬೆಂಕಿ ತಣ್ಣಗಿದೆ ಎಂದರೂ ಅದು ಪ್ರಮಾಣವಾಗದು ಎಂಬರ್ಥದ ಮಾತಾಡಿದ್ದಾರೆ. ಕಣ್ಣಿಗೆ ಕಾಣುವುದನ್ನು ಕಣ್ಣಿಗೆ ಬಿಡಬೇಕು, ಶಾಸ್ತ್ರ ಅದರಲ್ಲಿ ತಲೆ ಹಾಕಬಾರದು. ಈ ನಿಯಮದಲ್ಲಿ ಹಾಸನಾಂಬೆಯ ದೀಪ ಯಾರ ಪಾಲಿಗೆ ಬರುತ್ತದೆ? ತಕ್ಕಡಿಯ ಪಾಲಿಗೆ. ಅದ್ವೈತಿಯೂ ಅದನ್ನು ಅಲ್ಲಿಗೇ ಕಳಿಸಬೇಕು. ನನ್ನ ಮೇಲೆ ದೂರು ಕೊಟ್ಟ ಪೋಷಕರಲ್ಲಿ ಒಬ್ಬರು ಶಂಕರ ಜಯಂತಿಗೆ ಭಾಷಣ ಮಾಡುವವರು. ಅವರಿಗೆ ಇದನ್ನು ಹೇಳಬೇಕೆನಿಸಿತ್ತು, ಹೇಳಲಿಲ್ಲ.

ಆದರೆ ಸ್ವಾಮಿಗಳ ದಾರಿಯಲ್ಲಿ ಕೊನೆಯವರೆಗೆ ಹೋದವನಿಗೆ ಸಿಗುವುದು ಅಜ್ಜಿಯ ದೇವರೇ? ಇಲ್ಲಿ ನನಗೆ ಎ.ಎನ್. ಮೂರ್ತಿರಾಯರು ಅಡ್ಡ ಬರುತ್ತಾರೆ. ಹೊಳೆನರಸೀಪುರದಿಂದ ಮೈಸೂರಿನ ರೈಲು ಹತ್ತಿದರೆ ದಾರಿಯಲ್ಲಿ ಅಕ್ಕಿಹೆಬ್ಬಾಳು ಸಿಗುತ್ತದೆ, ಹೇಮಾವತಿ ಅಲ್ಲಿಯೂ ಹರಿಯುತ್ತದೆ. 1900ರಲ್ಲಿ ಅಲ್ಲಿ ಹುಟ್ಟಿದ ಮೂರ್ತಿರಾಯರು ಇಂಗ್ಲಿಷ್ ಮೇಷ್ಟ್ರಾಗಿ, ಕನ್ನಡದ ಹದವಾದ ಪ್ರಬಂಧಕಾರರಾಗಿ ಬಾಳಿ, ತೊಂಬತ್ತು ದಾಟಿದ ಮೇಲೆ 1991ರಲ್ಲಿ 'ದೇವರು' ಪುಸ್ತಕ ಕೊಟ್ಟರು. ಕೂಗಾಟವಿಲ್ಲ, ಹಂಗಿಸುವುದಿಲ್ಲ, ನಂಬುವವರ ದುಃಖದ ಮೇಲೆ ಮರುಕವಿದೆ; ಆದರೂ ತನಗೆ ನಂಬಲು ಆಧಾರ ಕಾಣುತ್ತಿಲ್ಲ ಎನ್ನುತ್ತಾರೆ. ತೊಂಬತ್ತರಲ್ಲಿ ಸಾಮಾನ್ಯವಾಗಿ ಜನ ಈ ಪ್ರಶ್ನೆಯಲ್ಲಿ ಇನ್ನೊಂದು ಕಡೆಗೆ ವಾಲುತ್ತಾರೆ. ಮೂರ್ತಿರಾಯರು ವಾಲಲಿಲ್ಲ. ಮೇಷ್ಟ್ರುಗಳ ರೂಮಿನಲ್ಲಿ ಆ ಪುಸ್ತಕದ ಒಂದೇ ಪ್ರತಿ ಐದಾರು ಕೈ ತಿರುಗಿ ರಟ್ಟು ಕಿತ್ತುಬಂದದ್ದು ನೆನಪಿದೆ. ಸಂಸ್ಕೃತ ಪಂಡಿತರು ಅದನ್ನು ಎರಡು ಸಲ ಓದಿ, 'ಮನುಷ್ಯ ಸಭ್ಯಸ್ಥರು ಕಣ್ರೀ, ಜಗಳ ಆಡೋಕೂ ಆಗಲ್ಲ' ಎಂದು ವಾಪಸು ಕೊಟ್ಟರು.

ಎಚ್ಚರ ಕನಸು ನಿದ್ದೆಗಳ ವಿಚಾರದಿಂದ ಯಾವುದೋ ಒಂದು ಸಾಕ್ಷಿಚೈತನ್ಯ ಇದೆ ಎನ್ನಿಸಬಹುದು. ಮೂರ್ತಿರಾಯರು ಕೇಳಿದ ದೇವರು ಅದಲ್ಲ. ಅವರು ಕೇಳಿದ್ದು ಮಗು ಸಾಯುವಾಗ ಮೊರೆ ಕೇಳುವವನನ್ನು, ಕೆಟ್ಟವನನ್ನು ತಡೆಯುವವನನ್ನು, ಅಂದರೆ ಅಜ್ಜಿ ಹೂ ಕೇಳುತ್ತಿದ್ದವನನ್ನೇ. ಆ ದೇವರಿಗೆ ಸ್ವಾಮಿಗಳ ಪ್ರಮಾಣ ಸಾಲದು. ಸ್ವಾಮಿಗಳಿಗೂ ಅದು ಗೊತ್ತಿತ್ತು. ಅದ್ವೈತದಲ್ಲಿ ಮೊರೆ ಕೇಳುವ ಈಶ್ವರನ ಜಾಗ ವ್ಯವಹಾರದಲ್ಲಿ, ಅಂತಿಮ ಲೆಕ್ಕದಲ್ಲಲ್ಲ. ಹೇಮಾವತಿಯ ಮೇಲುದಂಡೆಯ ಸಂನ್ಯಾಸಿ, ಕೆಳದಂಡೆಯ ನಾಸ್ತಿಕ, ಇಬ್ಬರೂ ಪವಾಡವನ್ನು ಪಕ್ಕಕ್ಕಿಟ್ಟರು, ಒಬ್ಬನಿಗೆ ಮಾತ್ರ ಆದ ದರ್ಶನವನ್ನೂ ಪಕ್ಕಕ್ಕಿಟ್ಟರು, ಆಮೇಲೆ ಬೇರೆ ಬೇರೆ ಕಡೆ ಹೋದರು. ನಾನು ಎಲ್ಲಿದ್ದೇನೆ ಎಂದು ಹೆಂಡತಿ ಕೇಳುತ್ತಿರುತ್ತಾಳೆ. ಸ್ವಾಮಿಗಳ ಪರೀಕ್ಷೆ ನನಗೆ ಒಪ್ಪಿಗೆ, ಮೂರ್ತಿರಾಯರ ಪ್ರಶ್ನೆಗೆ ಅದರಿಂದ ಉತ್ತರ ಸಿಗಲಿಲ್ಲ ಎಂಬುದೂ ನನಗೆ ಒಪ್ಪಿಗೆ. ಪಕ್ಷ ಕಟ್ಟಲು ಇಷ್ಟು ಸಾಲದು, ಇರಲಿ.

ಹಾಸನದ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಮಾತು. ಅಜ್ಜಿಯ ಕಾಲದಲ್ಲಿ ದೀಪದ ಮಾತು ಜಗುಲಿಯ ಮಾತಾಗಿತ್ತು. ಕೇಳಿದವರು ಕೈಮುಗಿದು ಮುಂದೆ ಹೋಗುತ್ತಿದ್ದರು, ಯಾರಿಗೂ ನಷ್ಟವಿರಲಿಲ್ಲ. ಈಗ ಗುಡಿ ಮುಜರಾಯಿ ಇಲಾಖೆಯದು, ಬಾಗಿಲು ತೆರೆಯುವಾಗ ನಿಲ್ಲುವವರು ಸರ್ಕಾರದ ಸಂಬಳದವರು. 300ಕ್ಕೊಂದು, 1,000ಕ್ಕೊಂದು ವಿಶೇಷ ದರ್ಶನದ ಟಿಕೆಟ್ ಇದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಜನ ಲಕ್ಷಗಟ್ಟಲೆ ಬರುತ್ತಾರೆ, ಬರಲಿ. ಅವರಲ್ಲಿ ಎಷ್ಟೋ ಮಂದಿ ಟಿವಿಯಲ್ಲಿ ಆರದ ದೀಪದ ಸುದ್ದಿ ನೋಡಿಯೇ ಬಂದವರು. ಜಗುಲಿಯ ಮಾತನ್ನು ಮೈಕಿನಲ್ಲಿ ಹೇಳಿ ಟಿಕೆಟ್ ಹರಿದರೆ ಅದು ಭಕ್ತಿಯ ಮಾತಾಗಿ ಉಳಿಯುವುದಿಲ್ಲ, ಸಾಮಾನಿಗೆ ಹಚ್ಚಿದ ಚೀಟಿಯಾಗುತ್ತದೆ. ಚೀಟಿಯಲ್ಲಿ ಬರೆದದ್ದು ಒಳಗೆ ಇದೆಯೇ ಎಂದು ಕೊಂಡವರು ಕೇಳಬಹುದು. ಮುಚ್ಚುವ ದಿನ ಎಣ್ಣೆಯನ್ನು ಅಳೆದು ಹುಯ್ಯಲಿ, ತೆರೆಯುವ ದಿನ ಉಳಿದದ್ದನ್ನು ಅಳೆಯಲಿ. ಗರ್ಭಗುಡಿಗೆ ನಾವ್ಯಾರೂ ಹೋಗಬೇಕಿಲ್ಲ, ಅರ್ಚಕರೇ ಅಳೆದು ತಹಶೀಲ್ದಾರರ ಮುಂದೆ ರುಜು ಹಾಕಲಿ. ಖಜಾನೆಯಿಂದ ಬಂದ ಒಡವೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ತೂಗಿ ಪಡೆಯುವಾಗ ತಾಯಿಗೆ ಅವಮಾನವಾಗದಿದ್ದರೆ, ಎಣ್ಣೆ ತೂಗಿದರೂ ಆಗುವುದಿಲ್ಲ.